ಬೆಳೆ ನಮ್ಮದು, ಬೆಳೆಯ ಲೆಕ್ಕವೂ ನಮ್ಮದಾಗಲಿ

ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳ ರೈತರಿಗೆ, ಲಾವಣಿ ಹಿಡಿದು ದುಡಿಯುವವರಿಗೆ, ಸೊಸೈಟಿ ಕಾರ್ಯದರ್ಶಿಗಳಿಗೆ, ಪಂಚಾಯ್ತಿ ಸದಸ್ಯರಿಗೆ, ಇಲಾಖೆಗಳ ಸಿಬ್ಬಂದಿಗೆ ಒಂದು ಬಹಿರಂಗ ಮನವಿ



ನಿಮ್ಮ ಒಂದೇ ಹೊಲ ಇಂದು ಐದು ಕಡೆ ದಾಖಲಾಗಿದೆ. ಉತಾರ ‘ಭೂಮಿ’ಯಲ್ಲಿದೆ. ಎಫ್‌ಐಡಿ ‘ಫ್ರೂಟ್ಸ್’ನಲ್ಲಿದೆ. ಬಿತ್ತಿದ ಪೈರು ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿದೆ. ವಿಮೆಯ ಕಂತು ‘ಸಂರಕ್ಷಣೆ’ಯಲ್ಲಿದೆ. ಬರಗಾಲ, ಅತಿವೃಷ್ಟಿಯ ಹಣ ‘ಪರಿಹಾರ’ದಿಂದ ಬರುತ್ತದೆ. ಐದೂ ಕೂಡಿ ಒಂದೇ ಸಂಗತಿ ಹೇಳಬೇಕು. ಹೇಳದೆ ಹೋದಾಗ ನಷ್ಟ ಯಾವ ಕಚೇರಿಗೂ ಆಗುವುದಿಲ್ಲ, ರೈತನಿಗೆ ಆಗುತ್ತದೆ.

ನಮ್ಮ ಮಾತು ಇಷ್ಟೇ: ಹೊಲದ ಮಾಹಿತಿಯನ್ನು ಯಾವ ಕಾಲಂನಲ್ಲಿ, ಯಾವ ಅಳತೆಯಲ್ಲಿ, ಯಾವ ಹೆಸರಿನಲ್ಲಿ ಬರೆಯಬೇಕು ಎಂಬ ನಿಯಮವನ್ನು ರೈತರು, ಇಲಾಖೆಗಳು, ಬ್ಯಾಂಕು, ವಿಮಾ ಕಂಪನಿ, ಮಾರುಕಟ್ಟೆ ಎಲ್ಲರೂ ಒಂದೇ ಜಮಖಾನೆಯ ಮೇಲೆ ಕುಳಿತು ಮಾಡಬೇಕು. ಆ ಕೆಲಸ ಈ ಮೂರು ತಾಲೂಕುಗಳಿಂದ ಶುರುವಾಗಬೇಕು.

ತಪ್ಪು ಯಾರದೂ ಅಲ್ಲ, ನಷ್ಟ ಮಾತ್ರ ರೈತನದು

ಮುಂಗಾರಿ ಮಳೆ ನಂಬಿ ಎರಿ ಹೊಲಕ್ಕೆ ಹೆಸರು ಬಿತ್ತುತ್ತೇವೆ, ವಿಮೆಯ ಕಂತನ್ನೂ ಹೆಸರಿಗೇ ತುಂಬುತ್ತೇವೆ. ಮಳೆ ಕೈಕೊಟ್ಟು ಪೈರು ಒಣಗಿದರೆ ಅದನ್ನು ಹರಗಿ ಗೋವಿನಜೋಳವನ್ನೋ ಸೂರ್ಯಕಾಂತಿಯನ್ನೋ ಬಿತ್ತುತ್ತೇವೆ. ಸಮೀಕ್ಷೆಗೆ ಫೋಟೋ ತೆಗೆಯುವ ಹೊತ್ತಿಗೆ ಹೊಲದಲ್ಲಿ ನಿಂತಿರುವುದು ಗೋವಿನಜೋಳ. ವಿಮೆಯಲ್ಲಿ ಒಂದು, ಸಮೀಕ್ಷೆಯಲ್ಲಿ ಇನ್ನೊಂದು. ‘ಬೆಳೆ ತಾಳೆಯಾಗುತ್ತಿಲ್ಲ’ ಎಂದು ಅರ್ಜಿ ತಿರಸ್ಕಾರದ ಪಟ್ಟಿಗೆ ಸೇರುತ್ತದೆ. ಇಲ್ಲಿ ರೈತ ಸುಳ್ಳು ಹೇಳಿಲ್ಲ, ಸಮೀಕ್ಷೆಯ ಹುಡುಗನೂ ಸುಳ್ಳು ಬರೆದಿಲ್ಲ. ಒಂದು ಪಟ್ಟಿ ಬಿತ್ತಿದ್ದನ್ನು ಹಿಡಿದಿದೆ, ಇನ್ನೊಂದು ನಿಂತದ್ದನ್ನು ಹಿಡಿದಿದೆ. ಮೊದಲ ಬಿತ್ತಿಗೆ, ಮರುಬಿತ್ತಿಗೆ ಎಂದು ಎರಡು ಕಾಲಂ, ಎರಡಕ್ಕೂ ತಾರೀಖು ಇದ್ದಿದ್ದರೆ ಎರಡೂ ದಾಖಲೆ ಒಂದಕ್ಕೊಂದು ಸಾಕ್ಷಿಯಾಗುತ್ತಿದ್ದವು.

ನಮ್ಮ ಕಡೆ ಒಂದೇ ಹೊಲದಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ ಮೂರನ್ನೂ ಬೆಳೆಯುವುದುಂಟು. ಮೊದಲು ಉಳ್ಳಾಗಡ್ಡಿ ಕೀಳುತ್ತೇವೆ, ಆಮೇಲೆ ಮೆಣಸಿನಕಾಯಿ ಹರಿಯುತ್ತೇವೆ, ಕೊನೆಗೆ ಹತ್ತಿ ಬಿಡಿಸುತ್ತೇವೆ. ಉಳ್ಳಾಗಡ್ಡಿ, ಮೆಣಸಿನಕಾಯಿ ತೋಟಗಾರಿಕೆ ಇಲಾಖೆಯವು, ಹತ್ತಿ ಕೃಷಿ ಇಲಾಖೆಯದು. ಒಂದು ಎಕರೆಯಲ್ಲಿ ಮೂರು ಬೆಳೆ ಇದ್ದಾಗ ಯಾವುದಕ್ಕೆ ಎಷ್ಟು ಗುಂಟೆ? ಅಕ್ಕಡಿ ಸಾಲನ್ನು ಎಣಿಸಬೇಕೋ ಬೇಡವೋ? ಇದಕ್ಕೆ ಎಲ್ಲ ಕಚೇರಿಗೂ ಒಂದೇ ಉತ್ತರ ಇರಬೇಕು.

ಇನ್ನು ಅಳತೆ. ಉತಾರದಲ್ಲಿ ಎಕರೆ, ಗುಂಟೆ, ಆಣೆ, ವಿಮೆಯಲ್ಲಿ ಹೆಕ್ಟೇರು, ಊರ ಬಾಯಲ್ಲಿ ಕೂರಿಗಿ. ಎಕರೆಗೆ 40 ಗುಂಟೆ. ಒಂದು ಎಕರೆ ಇಪ್ಪತ್ತು ಗುಂಟೆಯನ್ನು ಯಾರಾದರೂ 1.20 ಎಂದು ಬರೆದರೆ ಕಂಪ್ಯೂಟರು ಅದನ್ನು ದಶಾಂಶವೆಂದು ಓದುತ್ತದೆ. 60 ಗುಂಟೆಯ ಹೊಲ 48 ಗುಂಟೆಗೆ ಇಳಿಯುತ್ತದೆ. ಒಂದು ಚುಕ್ಕೆಗೆ 12 ಗುಂಟೆ ಹೋಯಿತು.

ಲಾವಣಿದಾರರ ಕಥೆ ಇನ್ನೂ ಕಷ್ಟದ್ದು. ಬೀಜ, ಗೊಬ್ಬರ, ಆಳಿನ ಪಗಾರ ಎಲ್ಲ ಅವರದೇ, ಆದರೆ ಹೆಸರು ಉತಾರದಲ್ಲಿಲ್ಲ. ಗಂಡನ ಅಥವಾ ಮಾವನ ಹೆಸರಿನ ಹೊಲದಲ್ಲಿ ವರ್ಷವಿಡೀ ದುಡಿಯುವ ಹೆಣ್ಣುಮಕ್ಕಳ ಪಾಡೂ ಅದೇ. ಹೊಲದ ಒಡೆಯ ಯಾರು ಎಂಬುದು ಒಂದು ಪ್ರಶ್ನೆ, ಈ ಹಂಗಾಮಿಗೆ ಬೆಳೆ ಬೆಳೆದವರು ಯಾರು ಎಂಬುದು ಇನ್ನೊಂದು. ಎರಡಕ್ಕೂ ಪ್ರತ್ಯೇಕ ಜಾಗ ಬೇಕು.

ನರಗುಂದ ಇದನ್ನು 1980ರಲ್ಲೇ ಕೇಳಿತ್ತು

ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ಕಾಲುವೆ ಬಂತು. ಕಾಗದದ ಮೇಲೆ ಹೊಲಗಳು ನೀರಾವರಿಯಾದವು. ಆ ಕಾಗದ ಹಿಡಿದು ಅಭಿವೃದ್ಧಿ ಕರ ಹಾಕಿದರು. ನೀರು ಸರಿಯಾಗಿ ಮುಟ್ಟದ ಹೊಲಕ್ಕೂ ಕರ ಏಕೆ ಎಂದು ರೈತರು ಕೇಳಿದರು. 1980ರ ಜುಲೈ 21ರಂದು ನರಗುಂದದಲ್ಲೂ ನವಲಗುಂದದಲ್ಲೂ ಗೋಲಿಬಾರ್ ಆಯಿತು. ವೀರಪ್ಪ ಕಡ್ಲಿಕೊಪ್ಪ, ಬಸಪ್ಪ ಲಕ್ಕುಂದಿ ಪ್ರಾಣ ಕೊಟ್ಟರು. ನಾಡಿನ ರೈತ ಚಳವಳಿಗೆ ಕಿಚ್ಚು ಹತ್ತಿದ್ದು ಅಲ್ಲಿಂದ.

ಆ ಹೋರಾಟಕ್ಕೆ ಕಾರಣ ಹಲವು. ಅದರೊಳಗೆ ಈ ಪ್ರಶ್ನೆಯೂ ಇತ್ತು: ಹೊಲಕ್ಕೆ ನೀರು ಬಂದಿದೆ ಎಂದು ಬರೆಯುವವರು ಯಾರು, ಯಾವ ಆಧಾರದ ಮೇಲೆ? ಇವತ್ತಿಗೂ ಅದು ಮುಗಿದಿಲ್ಲ. ಬೆಳೆ ವಿಮೆಯಲ್ಲಿ ‘ನೀರಾವರಿ’, ‘ಮಳೆಯಾಶ್ರಿತ’ ಎಂದು ಬೇರೆ ಬೇರೆ ಸಾಲು ಇವೆ. ಕಾಲುವೆಯ ಕೊನೆಯ ಅಂಚಿನ ಹೊಲಕ್ಕೆ ಈ ವರ್ಷ ನೀರು ಬಾರದಿದ್ದರೆ ಅದು ಯಾವ ಸಾಲಿಗೆ? ಅಚ್ಚುಕಟ್ಟಿನ ಪಟ್ಟಿ ನೋಡಿ ಬರೆಯಬೇಕೋ, ಈ ಹಂಗಾಮಿನಲ್ಲಿ ನೀರು ಹರಿದ ದಿನ ನೋಡಿ ಬರೆಯಬೇಕೋ? ಇದನ್ನು ತೀರ್ಮಾನಿಸುವ ಸಭೆಯಲ್ಲಿ ಆ ಅಂಚಿನ ರೈತ ಇರಲೇಬೇಕು.

ಇದು ಆಗುವ ಕೆಲಸ

ಈ ನೆಲಕ್ಕೆ ಕೂಡಿ ಲೆಕ್ಕ ಇಡುವುದು ಹೊಸದಲ್ಲ. ಕನ್ನಡದ ಹಳೆಯ ದಾನಶಾಸನಗಳು ಇಷ್ಟು ಮತ್ತರು ಭೂಮಿ ಎಂದಷ್ಟೇ ಹೇಳಿ ನಿಲ್ಲದೆ, ಯಾವ ಗಳೆಯಿಂದ ಅಳೆದದ್ದು ಎಂಬುದನ್ನೂ ಎಷ್ಟೋ ಕಡೆ ಕಲ್ಲಿನಲ್ಲಿ ಕೊರೆದಿವೆ. 1905ರಲ್ಲಿ ಗದಗ ಪಕ್ಕದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. ದೇಶದ ಸಹಕಾರಿ ಚಳವಳಿ ಅದನ್ನು ತನ್ನ ತವರೆಂದು ನೆನೆಯುತ್ತದೆ. ಸದಸ್ಯರೆಲ್ಲ ನೋಡಿ ಒಪ್ಪುವ ಲೆಕ್ಕದ ಪುಸ್ತಕವಿಲ್ಲದೆ ಯಾವ ಸಹಕಾರಿ ಸಂಘವೂ ನಿಲ್ಲದು. ಕರ್ನಾಟಕ 2002ರ ಹೊತ್ತಿಗೆ ಕೈಬರಹದ ಉತಾರ ನಿಲ್ಲಿಸಿ ಇಡೀ ರಾಜ್ಯಕ್ಕೆ ಒಂದೇ ನಮೂನೆ ತಂದಿತು. 2020ರ ಮುಂಗಾರಿನಲ್ಲಿ ರೈತರೇ ತಮ್ಮ ಬೆಳೆಯ ಫೋಟೋ ತೆಗೆದು ಆ್ಯಪ್‌ಗೆ ಏರಿಸಿದರು. ಬೆಳೆ ತುಂಬುವ ಕೆಲಸ ನಮ್ಮ ಕೈಗೆ ಬಂದಿದೆ, ಕಾಲಂ ತೀರ್ಮಾನಿಸುವ ಕೆಲಸ ಇನ್ನೂ ಬಂದಿಲ್ಲ.

ಹೊರಗಿನ ಉದಾಹರಣೆಗಳೂ ಇವೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1980ರ ದಶಕದಿಂದ ‘ಅಗ್ರೋವಾಕ್’ ಎಂಬ ಕೃಷಿ ಪದಪಟ್ಟಿಯನ್ನು ನಡೆಸುತ್ತಿದೆ. ಅಲ್ಲಿ ಒಂದು ಬೆಳೆಗೆ ಒಂದೇ ಗುರುತು, ಅದರ ಕೆಳಗೆ ಹಲವು ಭಾಷೆಗಳ ಹೆಸರು. ಅಮೆರಿಕದಲ್ಲಿ 2014ರಲ್ಲಿ ರೈತ ಸಂಘಟನೆಗಳೂ ಕೃಷಿ ಯಂತ್ರ, ಬೀಜದ ಕಂಪನಿಗಳೂ ಒಟ್ಟಿಗೆ ಕುಳಿತು, ಹೊಲದಲ್ಲಿ ಹುಟ್ಟಿದ ಮಾಹಿತಿಯ ಒಡೆತನ ರೈತನದು ಎಂಬ ತತ್ತ್ವಕ್ಕೆ ಒಪ್ಪಿದವು.

ಈಗಲೇ ಏಕೆ ಎಂದರೆ, ಕೇಂದ್ರ ಸಂಪುಟ 2024ರ ಸೆಪ್ಟೆಂಬರಿನಲ್ಲಿ 2,817 ಕೋಟಿ ರೂಪಾಯಿಯ ಡಿಜಿಟಲ್ ಕೃಷಿ ಮಿಷನ್‌ಗೆ ಒಪ್ಪಿಗೆ ಕೊಟ್ಟಿದೆ. ರೈತರ ನೋಂದಣಿ, ಬಿತ್ತಿದ ಬೆಳೆಯ ನೋಂದಣಿ, ಹಳ್ಳಿಯ ನಕಾಶೆ ಮೂರೂ ದೇಶದ ಮಟ್ಟದಲ್ಲಿ ಗಟ್ಟಿಯಾಗುತ್ತಿವೆ. ಕಾಲಂಗಳು ಒಮ್ಮೆ ಗಟ್ಟಿಯಾದ ಮೇಲೆ ಅಕ್ಕಡಿ ಸಾಲಿಗೂ ಲಾವಣಿದಾರನಿಗೂ ಜಾಗ ಬಿಡಿಸುವುದು ಕಷ್ಟ.

ಹೇಗೆ ನಡೆಸಬೇಕು

1. ಸಣ್ಣದರಿಂದ ಶುರು. ಮೊದಲ ಹಂಗಾಮಿಗೆ ಹೆಸರು ಒಂದೇ ಬೆಳೆ ಸಾಕು. ಸರ್ವೆ ನಂಬರ್ ಮತ್ತು ಹಿಸ್ಸಾ, ಬೆಳೆದವರು, ಬಿತ್ತಿದ ತಾರೀಖು, ಮರುಬಿತ್ತಿಗೆ, ಕ್ಷೇತ್ರ, ನೀರು: ಇಷ್ಟು ಕಾಲಂ ಸರಿಯಾದರೆ ಕಡ್ಲಿಗೂ ಉಳ್ಳಾಗಡ್ಡಿಗೂ ಅದೇ ದಾರಿ. ಎಲ್ಲ ಬೆಳೆ ಒಮ್ಮೆಲೇ ಹಿಡಿದ ಯೋಜನೆ ವರದಿಯಲ್ಲೇ ಮುಗಿಯುತ್ತದೆ.

2. ಯಾರು ಕೂಡಬೇಕು. ಅರ್ಧದಷ್ಟು ಜನ ರೈತರಿರಲಿ. ಅವರಲ್ಲಿ ಲಾವಣಿದಾರರೂ ಹೆಣ್ಣುಮಕ್ಕಳೂ ಇರಲೇಬೇಕು. ಉಳಿದಂತೆ ಗ್ರಾಮ ಆಡಳಿತ ಅಧಿಕಾರಿ, ರೈತ ಸಂಪರ್ಕ ಕೇಂದ್ರ, ತೋಟಗಾರಿಕೆ ಮತ್ತು ನೀರಾವರಿ ಇಲಾಖೆ, ಸಮೀಕ್ಷೆ ಮಾಡುವ ಹುಡುಗರು, ಸೊಸೈಟಿ, ಬ್ಯಾಂಕು, ವಿಮಾ ಕಂಪನಿ, ಎಪಿಎಂಸಿ, ಅಡತಿಯವರು, ತಂತ್ರಾಂಶ ಬರೆಯುವವರು. ಯಾರ ಮನೆಯೂ ಅಲ್ಲದ ಜಾಗದಲ್ಲಿ ಸಭೆ ಸೇರಬೇಕು. ಹುಲಕೋಟಿಯ ಕೆ.ಎಚ್. ಪಾಟೀಲ ಕೃಷಿ ವಿಜ್ಞಾನ ಕೇಂದ್ರವಾಗಲಿ, ಧಾರವಾಡದ ಕೃಷಿ ವಿಶ್ವವಿದ್ಯಾಲಯವಾಗಲಿ ಕರೆ ಕೊಡಲಿ ಎಂಬುದು ನಮ್ಮ ಕೋರಿಕೆ.

3. ದಿನಗೂಲಿ ಕಳೆದುಕೊಂಡು ಬರುವವರಿಗೆ ಭತ್ಯೆ ಕೊಡಬೇಕು. ಸಂಬಳದವರ ಸಭೆಗೆ ಸಂಬಳವಿಲ್ಲದವರು ಪುಕ್ಕಟೆ ಬರಬೇಕೆಂದರೆ ಎರಡನೇ ಸಭೆಗೆ ರೈತರು ಉಳಿಯುವುದಿಲ್ಲ. ಬಿತ್ತಿಗೆ, ಸುಗ್ಗಿಯ ದಿನಗಳಲ್ಲಿ ಸಭೆ ಇಡಬಾರದು.

4. ಪ್ರತಿ ಕಾಲಂನ ಅರ್ಥ ಸರಳ ಕನ್ನಡದಲ್ಲಿ ಒಂದು ಸಾಲು, ಜೊತೆಗೆ ನಮ್ಮದೇ ಹೊಲದ ಒಂದು ಉದಾಹರಣೆ. ಒಪ್ಪದವರ ತಕರಾರನ್ನೂ ನಡಾವಳಿಯಲ್ಲಿ ಬರೆಯಬೇಕು. ಗಟ್ಟಿಯಾಗಿ ಮಾತನಾಡಿದವರ ಮಾತೇ ತೀರ್ಮಾನವಾಗಬಾರದು.

5. ಹೊಲದಲ್ಲಿ ಪರೀಕ್ಷೆ. ನರಗುಂದ ತಾಲೂಕಿನಲ್ಲಿ ಕಾಲುವೆಯ ಕೊನೆಯಂಚಿನ ಒಂದು ಊರು, ರೋಣ ತಾಲೂಕಿನಲ್ಲಿ ಮಳೆ ನಂಬಿದ ಎರಿ ಭೂಮಿಯ ಒಂದು ಊರು, ಗಜೇಂದ್ರಗಡದ ಗುಡ್ಡದ ಸೆರಗಿನ ಮಸಾರಿ ಭೂಮಿಯ ಒಂದು ಊರು. ಒಂದೇ ಹೊಲವನ್ನು ಇಬ್ಬರು ಬೇರೆ ಬೇರೆಯಾಗಿ ದಾಖಲಿಸಲಿ. ಇಬ್ಬರ ಉತ್ತರ ಬೇರೆ ಬಂದರೆ ತಿದ್ದಬೇಕಾದದ್ದು ಕಾಲಂ.

6. ಪ್ರತಿ ಆವೃತ್ತಿಗೆ ತಾರೀಖು, ನಂಬರ್ ಇರಲಿ. ಬದಲಾವಣೆ ಹಂಗಾಮಿನ ಮೊದಲೇ ಆಗಬೇಕು. ಕಂತು ತುಂಬಿದ ಮೇಲೆ ನಿಯಮ ಬದಲಿಸಬಾರದು.

7. ನಿಯಮ ಎಲ್ಲರ ಸೊತ್ತು. ಯಾವ ಕಂಪನಿಯೂ ಅದಕ್ಕೆ ದುಡ್ಡು ಕೇಳಬಾರದು. ಯೋಜನೆಯ ಹಣ ಮುಗಿದ ಮೇಲೂ ಅದನ್ನು ಕಾಯುವ ಒಂದು ಖಾಯಂ ಕಚೇರಿ, ಒಬ್ಬ ಹೊಣೆಗಾರ ಇರಬೇಕು. ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಈ ಹೊಣೆಗೆ ತಕ್ಕ ಜಾಗ.

ನಿಮ್ಮ ಅನುಮಾನಕ್ಕೆ ಉತ್ತರ

“ಎಲ್ಲ ಲೆಕ್ಕ ಒಂದಾದರೆ ನಮ್ಮ ಮಾಹಿತಿ ಕಂಪನಿಗಳ ಪಾಲಾಗುವುದಿಲ್ಲವೇ?” ಇದು ನ್ಯಾಯವಾದ ಭಯ. ಕಾಲಂಗಳ ಹೆಸರು, ಅಳತೆ ಒಂದಾಗುವುದು ಬೇರೆ. ಕಾಲಂನೊಳಗಿನ ನಿಮ್ಮ ಮಾಹಿತಿ ಇನ್ನೊಬ್ಬರ ಕೈಸೇರುವುದು ಬೇರೆ. ನಾವು ಕೇಳುತ್ತಿರುವುದು ಮೊದಲನೆಯದು. ಎರಡನೆಯದಕ್ಕೆ ನಿಮ್ಮ ಒಪ್ಪಿಗೆ ಬೇಕು. 2023ರ ವೈಯಕ್ತಿಕ ಡಿಜಿಟಲ್ ದತ್ತಾಂಶ ಸಂರಕ್ಷಣಾ ಕಾಯಿದೆ ಕೂಡ ಒಪ್ಪಿಗೆಯನ್ನೇ ಮುಖ್ಯ ಆಧಾರ ಮಾಡಿದೆ. ಯಾರು, ಯಾವ ಕೆಲಸಕ್ಕೆ, ಎಷ್ಟು ದಿನ ನೋಡಬಹುದು ಎಂಬ ಕಾಲಂ ನಮ್ಮ ನಮೂನೆಯಲ್ಲೇ ಇರಬೇಕೆಂದು ಪಟ್ಟು ಹಿಡಿಯೋಣ.

“ಇದರಿಂದ ಪೇಟೆಯಲ್ಲಿ ಏನು ಲಾಭ?” ಬೆಂಬಲ ಬೆಲೆ ಖರೀದಿಯಲ್ಲಿ ಹೆಸರುಕಾಳಿನ ತೇವಾಂಶ ಶೇ 12 ದಾಟಬಾರದು ಎಂಬ ನಿಯಮವಿದೆ. ಅದನ್ನು ಯಂತ್ರ ಅಳೆಯುತ್ತದೆ, ಆದ್ದರಿಂದ ವಾದಕ್ಕೆ ಮಿತಿಯಿದೆ. ಖಾಸಗಿ ವ್ಯಾಪಾರದಲ್ಲೂ ತೇವ, ಕಸ, ಕಾಳಿನ ಗಾತ್ರ ಒಂದೇ ರೀತಿ ಅಳೆದು ಬರೆದರೆ ಗದಗದ ದರವನ್ನು ಹುಬ್ಬಳ್ಳಿಯ ದರದ ಪಕ್ಕ ಇಟ್ಟು ನೋಡಬಹುದು. ‘ಹಸಿ ಮಾಲು’ ಎಂಬ ಒಂದೇ ಮಾತಿಗೆ ದರ ಮುರಿಯುವುದು ನಿಲ್ಲುತ್ತದೆ.

“ಸರ್ಕಾರವೇ ಮಾಡಲಿ ಬಿಡಿ.” ಸರ್ಕಾರ ಮಾಡಲೇಬೇಕು, ಹಣ ಕೊಡಲೇಬೇಕು. ಆದರೆ ಹರಗಿದ ಹೆಸರಿನ ಸಂಗತಿ ರಾಜಧಾನಿಯ ಕೋಣೆಯಲ್ಲಿ ಕುಳಿತವರಿಗೆ ಹೊಳೆಯದು. ಅದು ಗೊತ್ತಿರುವವರು ನೀವು.

ಮುಂದಿನ ಗ್ರಾಮಸಭೆಯಲ್ಲಿ ಈ ಠರಾವು ಮಾಡಿಸಿ

“ನಮ್ಮ ಗ್ರಾಮದ ಹೊಲಗಳ ಬೆಳೆ, ಕ್ಷೇತ್ರ, ನೀರಾವರಿ ಮತ್ತು ಬೆಳೆಗಾರರ ದಾಖಲೆಗೆ ಎಲ್ಲ ಇಲಾಖೆ, ಬ್ಯಾಂಕು, ವಿಮಾ ಕಂಪನಿಗಳೂ ಒಪ್ಪುವ ಒಂದೇ ನಮೂನೆ ಬೇಕು. ಅದನ್ನು ರೂಪಿಸಲು ರೋಣ, ನರಗುಂದ, ಗಜೇಂದ್ರಗಡ ತಾಲೂಕುಗಳ ಜಂಟಿ ಸಮಿತಿಯನ್ನು ಜಿಲ್ಲಾಡಳಿತ ರಚಿಸಬೇಕು. ಅದರಲ್ಲಿ ಅರ್ಧದಷ್ಟು ಸದಸ್ಯರು ಲಾವಣಿದಾರರು ಮತ್ತು ಮಹಿಳೆಯರು ಸೇರಿದಂತೆ ರೈತರೇ ಇರಬೇಕು. ಮರುಬಿತ್ತಿಗೆ, ಅಕ್ಕಡಿ ಬೆಳೆ ಮತ್ತು ಲಾವಣಿಗೆ ಪ್ರತ್ಯೇಕ ಕಾಲಂ ಕೊಡಬೇಕು.”

ಠರಾವಿನ ಒಂದು ಪ್ರತಿ ಪಂಚಾಯ್ತಿಯಲ್ಲಿ ಉಳಿಯಲಿ, ಒಂದು ತಹಶೀಲ್ದಾರರಿಗೆ, ಒಂದು ಜಿಲ್ಲಾಧಿಕಾರಿಗಳಿಗೆ ಹೋಗಲಿ. ಸ್ವೀಕೃತಿ ಪಡೆಯುವುದನ್ನು ಮರೆಯಬೇಡಿ. ಅದೇ ದಿನ ಊರಿನ ಹತ್ತು ಹೊಲಗಳ ಉತಾರ, ಸಮೀಕ್ಷೆ, ವಿಮೆಯ ರಸೀದಿ ಪಕ್ಕಪಕ್ಕ ಇಟ್ಟು ನೋಡಿ. ಎಲ್ಲಿ ತಾಳೆಯಾಗುವುದಿಲ್ಲವೋ ಅದನ್ನು ಬರೆದಿಡಿ. ಸಮಿತಿಯ ಮೊದಲ ಸಭೆಗೆ ಆ ಪಟ್ಟಿಯೇ ನಿಮ್ಮ ಅರ್ಜಿ.

ಓದಿದ ಮೇಲೆ ಈ ಕರಪತ್ರವನ್ನು ಪಕ್ಕದ ಹೊಲದವರಿಗೆ ಕೊಡಿ. ಓದಲು ಬಾರದವರಿಗೆ ಓದಿ ಹೇಳಿ.

ಮೂರು ತಾಲೂಕುಗಳ ರೈತರ ಪರವಾಗಿ