ಅಣ್ಣನ ಪೋಷಕತ್ವವೂ ತಮ್ಮನ ತೋಟವೂ

ಕಂದಿಕೆರೆ ಹೋಬಳಿಯ ತೋಟಗಳಲ್ಲಿ ಕಾಯಿ ಕೆಡವಿಸಿ, ಅಟ್ಟಕ್ಕೇರಿಸಿ, ತಿಂಗಳುಗಟ್ಟಲೆ ಒಣಗಲು ಬಿಟ್ಟು, ಸುಲಿಸಿ ಒಡೆಸಿದ ಉಂಡೆಕೊಬ್ಬರಿಯನ್ನು ತಿಪಟೂರಿನ ಹರಾಜಿಗೆ ಕಳುಹಿಸುವ ರೈತನು, ಯಾವ ವಾರ ಮಾರಬೇಕೆಂಬುದನ್ನು ಒಬ್ಬನೇ ನಿರ್ಣಯಿಸುವವನಲ್ಲ. ಮಂಡಿಯವರನ್ನು ವಿಚಾರಿಸುತ್ತಾನೆ, ನೆರೆಯ ತೋಟದವನನ್ನು ಕೇಳುತ್ತಾನೆ, ಮನೆಯಾಕೆಯ ಮಾತನ್ನು ಮೊದಲು ತಳ್ಳಿಹಾಕಿ ಬಳಿಕ ಅದರಂತೆಯೇ ನಡೆಯುತ್ತಾನೆ. ಅಕ್ಷರವರಿಯದ ಹಿರಿಯರು ಉಪನೋಂದಣಿ ಕಚೇರಿಯಲ್ಲಿ ಪತ್ರ ಬರಹಗಾರನಿಂದ ಓದಿಸಿ ಕೇಳಿ ಹೆಬ್ಬೆಟ್ಟು ಒತ್ತುವುದುಂಟು. ಅವರಿಗೊಬ್ಬ ಪೋಷಕನನ್ನು ನೇಮಿಸಬೇಕೆಂದು ಯಾರೂ ವಾದಿಸಿದ್ದಿಲ್ಲ. ಆದರೆ ಅಂಥದೇ ಮನೆಯಲ್ಲಿ ಬುದ್ಧಿಮಾಂದ್ಯವುಳ್ಳ, ಮೂವತ್ತು ದಾಟಿದ ಮಗನೊಬ್ಬನಿದ್ದು, ತಂದೆ ತೀರಿಕೊಂಡು ಪೌತಿ ಖಾತೆಯ ಮಾತು ಎದ್ದೊಡನೆ, ‘ಅವನಿಗೇನು ತಿಳಿಯುತ್ತದೆ?’ ಎಂಬ ಒಂದೇ ವಾಕ್ಯದಿಂದ ಅವನ ಇಚ್ಛೆಯು ಲೆಕ್ಕದಿಂದ ಹೊರಬೀಳುತ್ತದೆ.

ಇಂಥವರಿಗೆ ಜಿಲ್ಲಾಮಟ್ಟದ ಸಮಿತಿಯ ಮೂಲಕ ಪೋಷಕರನ್ನು ನೇಮಿಸುವ ಮಾರ್ಗವನ್ನು 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯು ತೆರೆಯಿತು. ತಮ್ಮ ಕಾಲಾನಂತರ ಮಗನ ಗತಿಯೇನೆಂದು ತಳಮಳಿಸಿದ ತಾಯ್ತಂದೆಗಳಿಗೆ ಅದು ಆಸರೆಯಾಯಿತು. ಅದನ್ನು ಹಳಿಯುವುದು ಕೃತಘ್ನತೆ. ಆದರೆ 2007ರಲ್ಲಿ ಭಾರತವು ಅನುಮೋದಿಸಿದ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿಯು ಅಂಗವಿಕಲರಿಗೂ ಎಲ್ಲರಿಗಿರುವ ಕಾನೂನಿನ ಅರ್ಹತೆಯೇ ಉಂಟೆಂದು ಸಾರಿತು. ಅದನ್ನನುಸರಿಸಿ ಬಂದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪ್ರಕಾರ ಮೊದಲು ನೆರವು. ಅದು ಸಾಲದಾದಲ್ಲಿ, ಗೊತ್ತಾದ ಅವಧಿಗೆ, ಗೊತ್ತಾದ ನಿರ್ಧಾರಕ್ಕೆ, ಅಂಗವಿಕಲನೊಡನೆ ಸಮಾಲೋಚಿಸಿ ಅವನ ಇಚ್ಛೆಗನುಸಾರವಾಗಿ ನಡೆಯುವ ಸೀಮಿತ ಪೋಷಕ. ಹಳೆಯ ಕಾನೂನುಗಳಂತೆ ನೇಮಕಗೊಂಡವರೂ ಇನ್ನು ಸೀಮಿತ ಪೋಷಕರೇ.

ನನ್ನ ಮಟ್ಟಿಗೆ ಈ ಕಾಯಿದೆಯ ಜೀವಾಳವಿರುವುದು 13ನೆಯ ಪ್ರಕರಣದ ಒಂದು ನಿಯಮದಲ್ಲಿ: ಯಾವ ವ್ಯವಹಾರದಲ್ಲಿ ನೆರವಾಗುವವನ ಹಿತಕ್ಕೂ ಅಂಗವಿಕಲನ ಹಿತಕ್ಕೂ ವಿರೋಧವುಂಟೋ ಆ ವ್ಯವಹಾರದಲ್ಲಿ ಅವನು ನೆರವಿನಿಂದ ಹಿಂದೆ ಸರಿಯತಕ್ಕದ್ದು. ಮೊದಲು ಹೇಳಿದಂಥ ಮನೆಯಲ್ಲಿ ಆ ಮಗನಿಗೊಬ್ಬ ಅಣ್ಣನಿದ್ದಾನೆನ್ನಿ. ತಮ್ಮನಿಗೆ ಉಣಬಡಿಸುವವನು, ಆಸ್ಪತ್ರೆಗೆ ಕರೆದೊಯ್ಯುವವನು, ಮಾಸಾಶನದ ದಿನ ಬ್ಯಾಂಕಿನ ಸಾಲಿನಲ್ಲಿ ಜೊತೆಗೆ ನಿಲ್ಲುವವನು ಅಣ್ಣನೇ. ಮತ್ತು ತಮ್ಮನು ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದರೆ ತೋಟದಲ್ಲಿ ಪಾಲು ಹೆಚ್ಚುವುದೂ ಅಣ್ಣನಿಗೇ. ಅಣ್ಣನು ದುಷ್ಟನೆಂದು ಇದರರ್ಥವಲ್ಲ. ಸಜ್ಜನನಾದವನೂ ತನ್ನ ಪಾಲಿನ ವಿಚಾರದಲ್ಲಿ ತಾನೇ ನ್ಯಾಯಾಧೀಶನಾಗಬಾರದಷ್ಟೆ. ನಿತ್ಯದ ನೆರವು ಅವನದೇ ಆಗಿರಲಿ. ಆ ಒಂದು ಪತ್ರದ ದಿನ ಮಾತ್ರ ತೋಟದಲ್ಲಿ ಪಾಲಿಲ್ಲದ ಸೋದರಮಾವನೋ, ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತನೋ ಪಕ್ಕದಲ್ಲಿ ಕುಳಿತು, ಯಾವ ಸಾಲಿನ ತೆಂಗು ಯಾರದಾಗುತ್ತದೆಂಬುದನ್ನು ತೋಟದಲ್ಲಿಯೇ ನಡೆಸಿ ತೋರಿಸಿ, ಅವನು ತಲೆಯಾಡಿಸುವವರೆಗೆ, ಅಥವಾ ಬೇಡವೆನ್ನುವವರೆಗೆ, ಕಾಯಲಿ. ಹಾಗೆ ಕುಳಿತವನು ಒಗ್ಗದಿದ್ದಲ್ಲಿ ಬೇರೊಬ್ಬನ ನೆರವನ್ನು ಕೋರುವ ಅಧಿಕಾರವನ್ನೂ ಕಾಯಿದೆಯು ತಮ್ಮನಿಗೇ ಕೊಟ್ಟಿದೆ.

ಯಾವ ಸನ್ನೆಯಿಂದಲೂ ಇಚ್ಛೆಯನ್ನು ತಿಳಿಸಲಾರದವರೂ ಇರುವರು. ಅವರಿಗಾಗಿ ಪೂರ್ಣ ನೆರವಿನ ಏರ್ಪಾಡೂ ಕಾಯಿದೆಯಲ್ಲಿದೆ. ಉಳಿದವರ ವಿಷಯದಲ್ಲಿ, ಇಂಥ ಪತ್ರವು ನೋಂದಣಿಗೆ ಬಂದಾಗ ಇದನ್ನು ಇವನಿಗೆ ವಿವರಿಸಿದವರು ಯಾರು, ಅವರಿಗೆ ಈ ಸ್ವತ್ತಿನಲ್ಲಿ ಪಾಲುಂಟೇ ಎಂಬ ಎರಡು ಪ್ರಶ್ನೆಗಳನ್ನು ಕೇಳುವ ನಿಯಮವನ್ನು ಸರಕಾರವು ಮಾಡಲಿ. ಎರಡನೆಯದಕ್ಕೆ ‘ಉಂಟು’ ಎಂಬ ಉತ್ತರ ಬಂದಲ್ಲಿ ಪತ್ರವನ್ನು ಅಂದು ಹಿಂದಿರುಗಿಸಿ, ಪಾಲಿಲ್ಲದವರೊಬ್ಬರೊಡನೆ ಮತ್ತೆ ಬರಹೇಳಲಿ.