ಬೆಳಗಿದರೆ ಬೆಲೆ ಹೋಯಿತು

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಹಳೆಯ ಮನೆಯ ಅಟ್ಟ ಹುಡುಕಿದರೆ ತಾಮ್ರದ ಹಂಡೆ, ಹಿತ್ತಾಳೆ ತಂಬಿಗೆ, ರಾಣಿ ಛಾಪಿನ ರೂಪಾಯಿ ಸಿಕ್ಕಾವು. ಮಾರುವ ಮುಂಚೆ ನಾವು ಮಾಡುವ ಮೊದಲ ಕೆಲಸವೆಂದರೆ ಹುಣಸೆಹಣ್ಣು ಹಚ್ಚಿ ತಿಕ್ಕುವುದು. ಅಲ್ಲಿಗೆ ಅರ್ಧ ಬೆಲೆ ಹೋದಂತೆ! ಹುಣಸೆಯ ಟಾರ್ಟಾರಿಕ್ ಆಮ್ಲ ಲೋಹದ ಮೇಲಿನ ಆಕ್ಸೈಡ್ ಪದರವನ್ನು ಕರಗಿಸುತ್ತದೆ. ಬಲ್ಲ ಗಿರಾಕಿ ವಯಸ್ಸು ಓದುವುದು ಆ ಕಪ್ಪಿನಲ್ಲೇ.

ಹಳೆಯ ಸಾಮಾನಿನ ಸಣ್ಣ ಅಂಗಡಿ ನಡೆಯುವುದು ಎರಡನೇ ಸಲ ಬರುವ ಗಿರಾಕಿಯಿಂದ. ಆದ್ದರಿಂದ ಬೆಳ್ಳಿ ರೂಪಾಯಿಯನ್ನು ಅವನೆದುರೇ ತೂಗಿರಿ. ಸವೆಯದಿದ್ದರೆ 11.66 ಗ್ರಾಂ, ಅದರಲ್ಲಿ ನೂರಕ್ಕೆ 91.7 ಪಾಲು ಬೆಳ್ಳಿ. 1940ರಲ್ಲಿ ಬೆಳ್ಳಿ ಅರ್ಧಕ್ಕಿಳಿಯಿತು. 1947ರ ನಾಣ್ಯ ಬರೀ ನಿಕ್ಕಲ್. ಬೆಸುಗೆ ಹಾಕಿದ್ದರೆ ನೀವೇ ತೋರಿಸಿರಿ. ವಸ್ತು ಯಾವ ಊರಿನದು, ಯಾರಿಗೆ ಎಂಥದ್ದು ಬೇಕು ಎಂಬುದು ವಹಿಯಲ್ಲಿರಲಿ. ಅಂಥದ್ದು ಕೈಗೆ ಬಂದ ದಿನ ಮಾಡುವ ಒಂದು ಫೋನು ಹತ್ತು ದೀಪಾವಳಿ ಕಾರ್ಡುಗಳಿಗೆ ಸಮ.

ಒಂದು ಎಚ್ಚರ. ನೂರು ವರ್ಷ ದಾಟಿದ ನಾಣ್ಯ, ಶಿಲ್ಪ, ಕುಶಲ ವಸ್ತುಗಳು 1972ರ ಕಾಯ್ದೆಗೆ ಒಳಪಡುತ್ತವೆ. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಪರದೇಶಕ್ಕೆ ಕಳಿಸುವಂತಿಲ್ಲ. ಗುಡಿಯ ಮೂರ್ತಿಯನ್ನು ಚೀಲದಲ್ಲಿ ತಂದವನನ್ನಂತೂ ಅಂಗಡಿ ಕಟ್ಟೆ ಹತ್ತಗೊಡಬೇಡಿರಿ.