ಹಲಾಲ್ ಎಂದು ಕೇಳುತ್ತೇವೆ, ತಯ್ಯಿಬ್ ಎಂದು ಯಾಕೆ ಕೇಳುವುದಿಲ್ಲ?

ಮಂಗಳೂರು, ಪುತ್ತೂರು ಕಡೆಯಿಂದ ಬೆಂಗಳೂರಿಗೆ ಬಂದ ನಮ್ಮವರು ಹೋಟೆಲಿಗೆ ಕಾಲಿಟ್ಟರೆ ಮೊದಲು ಕೇಳುವುದು, ‘ಹಲಾಲಾ?’ ಅಂತ. ಒಳ್ಳೆಯ ಪ್ರಶ್ನೆ. ಊರು ಬಿಟ್ಟು ಇಷ್ಟು ದೂರ ಬಂದರೂ ಆ ಎಚ್ಚರ ಉಳಿದಿರುವುದು ಸಂತೋಷ. ಆದರೆ ಕುರ್‌ಆನ್ ಅಲ್ ಬಕರ ಅಧ್ಯಾಯದ 168ನೇ ಆಯತ್‌ನಲ್ಲಿ ಆಹಾರದ ಬಗ್ಗೆ ಹೇಳುವಾಗ ಎರಡು ಪದಗಳನ್ನು ಜೊತೆಯಾಗಿ ಇಡುತ್ತದೆ: ಹಲಾಲ್ ಮತ್ತು ತಯ್ಯಿಬ್. ತಯ್ಯಿಬ್ ಅಂದ್ರೆ ಶುದ್ಧವಾದುದು, ಹಿತವಾದುದು. ಮೊದಲನೆಯದನ್ನು ಗಟ್ಟಿಯಾಗಿ ಹಿಡಿದುಕೊಂಡ ನಾವು ಎರಡನೆಯದನ್ನು ಅಡುಗೆಮನೆಯ ಬಾಗಿಲ ಹೊರಗೆ ನಿಲ್ಲಿಸಿದ್ದೇವೆ.

ಒಂದು ಉದಾಹರಣೆ ನೋಡಿ. 2024ರ ಜೂನ್‌ನಲ್ಲಿ ಕರ್ನಾಟಕ ಸರಕಾರ ಚಿಕನ್, ಮೀನಿನ ಕಬಾಬ್‌ಗಳಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷೆಗೆ ಕಳಿಸಿದ 39 ಮಾದರಿಗಳಲ್ಲಿ 8 ಅಸುರಕ್ಷಿತ ಎಂದು ವರದಿ ಬಂದಿತ್ತು. ಅದಕ್ಕೂ ಮೊದಲು ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ ಹಾಕುವ ಬಣ್ಣದ ಮೇಲೆ ಇಂಥದ್ದೇ ಆದೇಶ ಬಂದಿತ್ತು. ಆ ಕಬಾಬ್‌ನ ಕೋಳಿಯನ್ನು ಬಿಸ್ಮಿ ಹೇಳಿಯೇ ಕೊಯ್ದಿರಬಹುದು. ಆದರೆ ಕೆಂಪು ಬಣ್ಣ ಬಳಿದು, ಹತ್ತು ಸಲ ಕಾದ ಎಣ್ಣೆಯಲ್ಲಿ ಕರಿದು ಕೊಟ್ಟದ್ದು ತಯ್ಯಿಬ್ ಹೇಗಾದೀತು? ಈ ಮಾತು ತಿನ್ನುವವರಿಗೆ ಮಾತ್ರ ಅಲ್ಲ. ಹೋಟೆಲ್, ಬೇಕರಿ, ಜ್ಯೂಸ್ ಅಂಗಡಿ ನಮ್ಮ ಸಮುದಾಯದ ಎಷ್ಟೋ ಮನೆಗಳ ಅನ್ನ. ಗಿರಾಕಿಯ ಆರೋಗ್ಯ ನಮ್ಮ ಕೈಯಲ್ಲಿರುವ ಅಮಾನತ್. ಅದನ್ನು ಕೆಡಿಸಿ ಗಳಿಸಿದ ಹಣದಲ್ಲಿ ಬರಕತ್ ಹುಡುಕಿದರೆ ಸಿಗುವುದಿಲ್ಲ.

ನಮ್ಮ ಶೆಟ್ಟಿಹಳ್ಳಿ, ಜಾಲಹಳ್ಳಿ ಕಡೆ ಯಾರ ಮನೆಗೆ ಹೋದರೂ ಮಾತು ಎರಡೇ ನಿಮಿಷದಲ್ಲಿ ಶುಗರ್, ಬಿಪಿಗೆ ಬರುತ್ತದೆ. ಇದು ಬರೀ ನಮ್ಮ ಕಥೆಯಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ‘ಎಲ್ಲಾ ಅಲ್ಲಾಹನ ವಿಧಿ’ ಎಂದು ಹೇಳಿ ಇನ್ನೊಂದು ಚಮಚ ಸಕ್ಕರೆ ಹಾಕಿಕೊಳ್ಳುವುದು ತವಕ್ಕುಲ್ ಅಲ್ಲ. ಒಂಟೆಯನ್ನು ಕಟ್ಟಿ ಹಾಕಿ, ಆಮೇಲೆ ಭರವಸೆ ಇಡು ಎಂದು ಕಲಿಸಿದ ಪ್ರವಾದಿ (ಸ) ಅವರ ಸಮುದಾಯ ನಾವು. ನಿನ್ನ ದೇಹಕ್ಕೂ ನಿನ್ನ ಮೇಲೆ ಹಕ್ಕಿದೆ ಎಂದು ಕಲಿಸಿದವರೂ ಅವರೇ.

ಊಟದ ಅಳತೆಯನ್ನೂ ಅವರು ಹೇಳಿಕೊಟ್ಟಿದ್ದಾರೆ. ತಿರ್ಮಿದಿ ವರದಿ ಮಾಡಿದ ಹದೀಸ್ ನಮಗೆಲ್ಲ ಬಾಯಿಪಾಠ: ಬೆನ್ನು ನೆಟ್ಟಗೆ ನಿಲ್ಲಲು ಕೆಲವು ತುತ್ತು ಸಾಕು, ಅದಕ್ಕಿಂತ ಹೆಚ್ಚು ಬೇಕೇ ಬೇಕು ಅಂದ್ರೆ ಹೊಟ್ಟೆಯ ಮೂರನೇ ಒಂದು ಪಾಲು ಆಹಾರಕ್ಕೆ, ಒಂದು ನೀರಿಗೆ, ಒಂದು ಉಸಿರಿಗೆ. ನಾವು ಮೂರನ್ನೂ ನೆಯ್‌ಚೋರ್‌ಗೆ ಕೊಟ್ಟು, ಉಸಿರಾಡಲು ಕಷ್ಟವಾದಾಗ ಗ್ಯಾಸ್ ಮಾತ್ರೆ ಹುಡುಕುತ್ತೇವೆ.

ಹಾಗಾದರೆ ಮನೆಯಲ್ಲಿ ಏನು ಮಾಡಬಹುದು? ದುಬಾರಿ ಡಯಟ್ ಬೇಕಾಗಿಲ್ಲ. ನಮ್ಮ ಹಿರಿಯರ ಊಟವೇ ಅರ್ಧ ದಾರಿ. ಗಂಜಿ, ಬೂತಾಯಿ ಸಾರು, ನುಗ್ಗೆ ಸೊಪ್ಪು, ಹುರುಳಿ ಚಟ್ನಿ. ಬೂತಾಯಿಯನ್ನು ಕರಿಯುವ ಬದಲು ಸಾರು ಮಾಡಿದರೆ ಎಣ್ಣೆ ಉಳಿಯುತ್ತದೆ. ಬೆಂಗಳೂರಿನ ನೆರೆಹೊರೆಯವರಿಂದ ರಾಗಿ ಕಲಿಯೋಣ. ಅಕ್ಕಿ ರೊಟ್ಟಿ ತಟ್ಟುವ ಕೈಗೆ ರಾಗಿ ರೊಟ್ಟಿ ಕಷ್ಟವಲ್ಲ. ಉಪ್ಪು ದಿನಕ್ಕೆ ಒಬ್ಬರಿಗೆ 5 ಗ್ರಾಂ, ಅಂದ್ರೆ ಒಂದು ಸಣ್ಣ ಚಮಚ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಪ್ಪಿನಕಾಯಿ, ಒಣಮೀನು, ಹತ್ತು ರೂಪಾಯಿಯ ಚಿಪ್ಸ್ ಎಲ್ಲ ಸೇರಿ ಈ ಲೆಕ್ಕ. 300 ಮಿ.ಲೀ. ಕೋಲಾದಲ್ಲಿ ಸುಮಾರು 30 ಗ್ರಾಂ ಸಕ್ಕರೆ ಇದೆ. ಮಕ್ಕಳ ಕೈಗೆ ಬಾಟಲಿ ಕೊಡುವ ಮೊದಲು ಆರು ಚಮಚ ಸಕ್ಕರೆಯನ್ನು ಕಣ್ಣ ಮುಂದೆ ತಂದುಕೊಳ್ಳಿ.

ಸೋರೆಕಾಯಿ ಅಂದ್ರೆ ಮಕ್ಕಳು ಮೂಗು ಮುರಿಯುತ್ತಾರೆ. ಪ್ರವಾದಿ (ಸ) ಅವರು ತಟ್ಟೆಯಲ್ಲಿ ಸೋರೆಕಾಯಿಯ ತುಂಡುಗಳನ್ನು ಹುಡುಕಿ ತಿನ್ನುತ್ತಿದ್ದುದನ್ನು ನೋಡಿ, ಅಂದಿನಿಂದ ತನಗೂ ಅದು ಇಷ್ಟವಾಯಿತು ಎಂದು ಅನಸ್ (ರ) ಹೇಳಿದ್ದಾರೆ. ಈ ಹದೀಸನ್ನು ಊಟಕ್ಕೆ ಕೂತಾಗ ಮಕ್ಕಳಿಗೆ ಹೇಳಿ. ಬೈದು ತಿನ್ನಿಸುವುದಕ್ಕಿಂತ ಇದು ಬೇಗ ನಾಟುತ್ತದೆ. ಆದರೆ ಉಪ್ಪ ಮೊದಲು ತಿನ್ನಬೇಕು. ಅನಸ್ ಕಲಿತದ್ದು ಕೇಳಿ ಅಲ್ಲ, ನೋಡಿ.

ಇಲ್ಲಿ ಗಂಡಸರಿಗೆ ಒಂದು ಮಾತು. ಆರೋಗ್ಯದ ಅಡುಗೆ ಎಂದ ಕೂಡಲೇ ಎಲ್ಲವನ್ನೂ ಮನೆಯ ಹೆಂಗಸರ ತಲೆಗೆ ಕಟ್ಟುತ್ತೇವೆ. ಅಂಗಡಿಯಿಂದ ಮೈದಾ, ಬಿಸ್ಕತ್ತು, ರಾತ್ರಿ ಹತ್ತು ಗಂಟೆಗೆ ಪರೋಟಾ ಪಾರ್ಸೆಲ್ ತರುವವರು ಯಾರು? ಸಾರಿಗೆ ಉಪ್ಪು ಕಡಿಮೆಯಾದರೆ ಮುಖ ಗಂಟಿಕ್ಕುವವರು ಯಾರು? ಪ್ರವಾದಿ (ಸ) ಆಹಾರಕ್ಕೆ ಯಾವತ್ತೂ ಹೆಸರಿಟ್ಟವರಲ್ಲ, ಮನೆಗೆಲಸದಲ್ಲಿ ಕೈಜೋಡಿಸುತ್ತಿದ್ದರು. ವಾರದಲ್ಲಿ ಎರಡು ದಿನ ಸೊಪ್ಪು ಬಿಡಿಸಿ ಕೊಡುವುದೂ ಸುನ್ನತ್‌ನ ದಾರಿಯೇ.

ಜಮಾಅತ್‌ಗಳೂ ಮನಸ್ಸು ಮಾಡಬೇಕು. ಮದ್ರಸದ ಚೀರಣಿಗೆ ಲಡ್ಡು, ಮಿಕ್ಸ್ಚರ್ ಬದಲು ಖರ್ಜೂರ, ಬಾಳೆಹಣ್ಣು ಕೊಟ್ಟರೆ ಖರ್ಚೇನೂ ಹೆಚ್ಚಾಗದು. ಮದುವೆಯಲ್ಲಿ ಬಿರಿಯಾನಿಯ ಜೊತೆ ನಾಲ್ಕು ಬಗೆಯ ಕರಿದದ್ದು ಬಡಿಸಿ ಅರ್ಧ ಚೆಲ್ಲುವುದು ಯಾವ ಪ್ರತಿಷ್ಠೆ? ತಿನ್ನಿ, ಕುಡಿಯಿರಿ, ಆದರೆ ಮಿತಿ ಮೀರಬೇಡಿ ಎಂಬುದು ಕುರ್‌ಆನಿನ ಆದೇಶ. ಜುಮಾ ಖುತ್ಬಾದಲ್ಲಿ ಐದು ನಿಮಿಷ ಈ ವಿಷಯಕ್ಕೆ ಸಿಗಲಿ. ಹತ್ತಿರದ ನಮ್ಮ ಕ್ಲಿನಿಕ್‌ನವರನ್ನು ಕರೆದು ಮಸೀದಿಯ ಅಂಗಳದಲ್ಲಿ ಶುಗರ್, ಬಿಪಿ ಪರೀಕ್ಷೆ ಮಾಡಿಸಲಿ. ಹೆಂಗಸರಿಗೂ ಪ್ರತ್ಯೇಕ ಸಮಯ ಇಡಲಿ.

ಕೊನೆಯದಾಗಿ ನೋಂಬು. ಇಡೀ ದಿನ ಹಸಿದು, ಮಗ್ರಿಬ್ ಬಾಂಗ್ ಆದ ಮೇಲೆ ಸಮೋಸ, ಪಕೋಡ, ಸಕ್ಕರೆ ಶರಬತ್ತಿನಲ್ಲಿ ಮುಳುಗುವುದರಿಂದ ತಿಂಗಳ ಕೊನೆಗೆ ತೂಕ ಹೆಚ್ಚಿಸಿಕೊಂಡವರು ಎಷ್ಟು ಮಂದಿ! ಖರ್ಜೂರ, ನೀರು, ಹಣ್ಣು, ಆಮೇಲೆ ಗಂಜಿ ಸಾಲದೇ? ಇನ್ಸುಲಿನ್ ತೆಗೆದುಕೊಳ್ಳುವವರು ರಂಝಾನಿಗೆ ಮೊದಲೇ ವೈದ್ಯರನ್ನು ಕಾಣಲಿ. ರೋಗಿಗೆ ರಿಯಾಯಿತಿ ಕೊಟ್ಟವನು ಅಲ್ಲಾಹನೇ, ಅದನ್ನು ಸ್ವೀಕರಿಸುವುದರಲ್ಲಿ ನಾಚಿಕೆ ಬೇಡ.

ಮನೆಯಲ್ಲಿ ಎಲ್ಲವನ್ನೂ ಒಂದೇ ದಿನ ಬದಲಿಸಲು ಹೋದರೆ ಜಗಳ ಆಗುತ್ತದೆ. ನಿರಂತರವಾಗಿ ಮಾಡುವ ಸಣ್ಣ ಅಮಲ್ ಅಲ್ಲಾಹನಿಗೆ ಹೆಚ್ಚು ಪ್ರಿಯ ಅಂತಲ್ವೇ ಕಲಿತಿರುವುದು? ಈ ವಾರ ಚಹಾದಲ್ಲಿ ಅರ್ಧ ಚಮಚ ಸಕ್ಕರೆ ಕಡಿಮೆ ಮಾಡಿ. ಮುಂದಿನ ವಾರ ಒಂದು ಸೊಪ್ಪು ಸೇರಿಸಿ. ನಿಯ್ಯತ್ ಸರಿಯಿದ್ದರೆ ಅದೂ ಇಬಾದತ್ ಆಗುತ್ತದೆ, ಇನ್ಶಾ ಅಲ್ಲಾಹ್.